ಒಂದೊಂದಾಗಿಯೋ, ಸಾಲಾಗಿಯೋ? ತೋಟಾ ಮರುಭರ್ತಿಯ ಎರಡು ಯಂತ್ರಗಳು

ಬಂದೂಕಿನ ಗುಂಡು ಹಾರಿದ ಮೇಲೆ ತೋಟಾದಲ್ಲಿ ಉಳಿಯುವುದೇನು? ತೋಟಾಕ್ಕೆ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕವಚ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದಿನಪುಡಿ ಮತ್ತು ತುದಿಯಲ್ಲಿ ಗುಂಡು. ಮದ್ದು ಉರಿದುಹೋಗುತ್ತದೆ, ಗುಂಡು ಹಾರಿಹೋಗುತ್ತದೆ, ಪ್ರೈಮರ್ ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಕವಚ ಮಾತ್ರ ಉಳಿಯುತ್ತದೆ. ಅಮೆರಿಕದಲ್ಲಿ ಗುರಿ ಅಭ್ಯಾಸದ ಹವ್ಯಾಸಿಗಳು ಈ ಕವಚವನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವುದುಂಟು. (ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.)

ಕವಚದ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು ಇರುತ್ತದೆ. ಮದ್ದು ಉರಿದಾಗ ಅನಿಲದ ಒತ್ತಡಕ್ಕೆ ಕವಚ ಹಿಗ್ಗಿ ಬಂದೂಕಿನ ಗೋಡೆಗೆ ಅಂಟಿಕೊಳ್ಳುತ್ತದೆ. ಒತ್ತಡ ಇಳಿದಾಗ ತುಸು ಕುಗ್ಗುತ್ತದೆ, ಆದರೆ ಮೂಲ ಗಾತ್ರಕ್ಕೆ ಮರಳುವುದಿಲ್ಲ. ಆದ್ದರಿಂದ ಮರುಭರ್ತಿಗೆ ನಾಲ್ಕು ಹಂತಗಳು ಬೇಕು: ಕವಚವನ್ನು ಉಕ್ಕಿನ ಅಚ್ಚಿಗೆ ಒತ್ತಿ ಗಾತ್ರ ಸರಿಪಡಿಸಿ ಪ್ರೈಮರ್ ಬದಲಿಸುವುದು, ಮದ್ದು ತುಂಬುವುದು, ಗುಂಡು ಕೂರಿಸುವುದು, ಬಾಯಿ ಬಿಗಿಗೊಳಿಸುವುದು.

ಏಕಹಂತದ ಪ್ರೆಸ್‌ನಲ್ಲಿ ಒಮ್ಮೆಗೆ ಒಂದೇ ಅಚ್ಚು. ನೂರು ಕವಚಗಳಿಗೂ ಮೊದಲ ಹಂತ ಮುಗಿದ ಮೇಲೆಯೇ ಎರಡನೆಯದು. ಪ್ರೋಗ್ರೆಸಿವ್ ಎಂಬ ಬಹುಹಂತದ ಪ್ರೆಸ್‌ನಲ್ಲಿ ತಿರುಗುವ ತಟ್ಟೆಯ ಮೇಲೆ ಹಲವು ಕವಚಗಳು ಒಟ್ಟಿಗೆ ಇರುತ್ತವೆ. ಸನ್ನೆಯನ್ನು ಒಮ್ಮೆ ಎಳೆದರೆ ಪ್ರತಿ ಕವಚಕ್ಕೂ ಅದರದರ ಹಂತ ನಡೆಯುತ್ತದೆ. ಹೀಗೆ ನಾಲ್ಕು ಹಂತಗಳಿರುವಾಗ ನೂರು ತೋಟಾಗಳಿಗೆ ಮೊದಲ ವಿಧಾನದಲ್ಲಿ 400 ಕ್ರಿಯೆಗಳು ಬೇಕು. ಎರಡನೆಯದರಲ್ಲಿ 103 ಎಳೆತಗಳು ಸಾಕು. ಹೆಚ್ಚಿನ ಮೂರು ಏಕೆ? ಮೊದಲ ಕವಚ ಕೊನೆಯ ಹಂತ ಮುಟ್ಟುವವರೆಗಿನ ಎಳೆತಗಳವು.

ಹಾಗಾದರೆ ಏಕಹಂತದ ಪ್ರೆಸ್ ಇಂದಿಗೂ ಏಕೆ ಉಳಿದಿದೆ? ಉತ್ತರ ತಪ್ಪಿನಲ್ಲಿದೆ. .38 ಸ್ಪೆಷಲ್ ಎಂಬ ತೋಟಾ ಕಪ್ಪುಮದ್ದಿನ ಕಾಲದ್ದು. ಅದರ ಕವಚ ದೊಡ್ಡದು. ಇಂದಿನ ಹೊಗೆರಹಿತ ಮದ್ದು ಅದರಲ್ಲಿ ಸ್ವಲ್ಪವೇ ಸಾಕು. ಆದ್ದರಿಂದ ಎರಡು ಪಾಲು ಬಿದ್ದರೂ ಹೊರಚೆಲ್ಲುವುದಿಲ್ಲ. ಈ ತೋಟಾಕ್ಕೆ ಅಮೆರಿಕದಲ್ಲಿ ನಿಗದಿಯಾದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 17,000 ಪೌಂಡ್, ಅಂದರೆ ವಾಯುಮಂಡಲದ ಒತ್ತಡದ ಸುಮಾರು 1,150 ಪಟ್ಟು. ಇಮ್ಮಡಿ ಮದ್ದು ಈ ಮಿತಿಯನ್ನು ಮೀರಿ ಬಂದೂಕನ್ನೇ ಒಡೆಯಬಲ್ಲದು. ಮದ್ದೇ ಇಲ್ಲದಿದ್ದರೂ ಅಪಾಯವೇ: ಪ್ರೈಮರ್‌ನ ಬಲಕ್ಕೆ ಗುಂಡು ನಳಿಕೆಯ ನಡುವೆ ಸಿಕ್ಕಿಕೊಳ್ಳಬಹುದು. ಅದನ್ನರಿಯದೆ ಮುಂದಿನ ಗುಂಡು ಹಾರಿಸಿದರೆ ನಳಿಕೆ ಸಿಡಿಯಬಹುದು.

ಏಕಹಂತದಲ್ಲಿ ಮದ್ದು ತುಂಬಿದ ಕವಚಗಳನ್ನು ಸಾಲಾಗಿ ನಿಲ್ಲಿಸಿ, ಬೆಳಕಿನಲ್ಲಿ ಒಳಗೆ ನೋಡಿ ಮಟ್ಟವನ್ನು ಹೋಲಿಸಬಹುದು. ಬಹುಹಂತದಲ್ಲಿ ಆ ಅವಕಾಶ ಒಂದು ಕ್ಷಣದ್ದು. ಯಂತ್ರ ನಡುವೆ ನಿಂತರೆ ನಾಲ್ಕು ಕವಚಗಳು ನಾಲ್ಕು ಹಂತಗಳಲ್ಲಿರುತ್ತವೆ. ಯಾವುದಕ್ಕೆ ಮದ್ದು ಬಿದ್ದಿದೆ ಎಂಬ ಗೊಂದಲ ಹುಟ್ಟುವುದು ಆಗಲೇ. ಅದಕ್ಕಾಗಿ ಮದ್ದಿನ ಮಟ್ಟ ತಪ್ಪಿದರೆ ಎಚ್ಚರಿಸುವ ಸಾಧನಗಳನ್ನು ಅಳವಡಿಸುವುದುಂಟು. ವೇಗ ಹೆಚ್ಚಿದಲ್ಲಿ ಪರೀಕ್ಷೆಯೇ ಒಂದು ಪ್ರತ್ಯೇಕ ಹಂತವಾಗಬೇಕು.

ಈ ತತ್ವವನ್ನು ತರಗತಿಯಲ್ಲಿ ಲಕೋಟೆಗಳಿಂದ ತೋರಿಸಿ. ಚೀಟಿ ಮಡಿಸುವುದು, ಒಳಗೆ ಹಾಕುವುದು, ಅಂಟಿಸುವುದು, ವಿಳಾಸ ಬರೆಯುವುದು: ನಾಲ್ವರು ವಿದ್ಯಾರ್ಥಿಗಳು, ಇಪ್ಪತ್ತು ಲಕೋಟೆಗಳು. ನಡುವೆ ಎರಡು ಬಾರಿ ಸೀಟಿ ಊದಿ ಕೆಲಸ ನಿಲ್ಲಿಸಿ, ಜಾಗ ಬದಲಿಸಿ. ಕೊನೆಯಲ್ಲಿ ಲಕೋಟೆಗಳನ್ನು ಒಡೆದು, ಚೀಟಿ ಇಲ್ಲದವು ಎಷ್ಟು, ಎರಡಿರುವವು ಎಷ್ಟು ಎಂದು ಎಣಿಸಿ.