ಸ್ನಾನಘಟ್ಟದಲ್ಲೊಂದು ಸ್ನಾತಕೋತ್ತರ ಪಾಠ

ಅಮಾವಾಸ್ಯೆ ಬಂತೆಂದರೆ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕರಿಬಸವೇಶ್ವರ ಸ್ವಾಮಿಯ ಗದ್ದುಗೆಗೆ, ಭಕ್ತರ ಬಾಯಲ್ಲಿ ಹೇಳುವುದಾದರೆ ‘ಅಜ್ಜಯ್ಯ’ನ ಸನ್ನಿಧಿಗೆ, ದೂರದೂರುಗಳಿಂದ ಜನ ಬಂದಿಳಿಯುತ್ತಾರೆ. ಹರಕೆ ತೀರಿಸುವವರ ಜತೆಗೆ, ಗಾಳಿ ಸೋಕಿದೆಯೆಂದು ಮನೆಯವರು ಕರೆತಂದವರೂ ಇರುತ್ತಾರೆ. ಎಲ್ಲರೂ ತುಂಗಭದ್ರೆಯಲ್ಲಿ ಮೀಯಬೇಕು. ಉಟ್ಟ ಬಟ್ಟೆಯೊಡನೆ ಪೀಡೆಯೂ ತೊಲಗಲೆಂದು ಎಷ್ಟೋ ಮಂದಿ ಅದನ್ನು ಹೊಳೆಗೇ ಬಿಟ್ಟು ಮೇಲೇರುತ್ತಾರೆ.

ಹೊಳೆಯ ಕೆಳಹರಿವಿನಲ್ಲಿರುವ ಹರಿಹರದಲ್ಲಿ ಹೊಯ್ಸಳರ ಕಾಲದ, 1224ರ ಹರಿಹರೇಶ್ವರ ದೇವಾಲಯವಿದೆ. ಅದನ್ನು ನೋಡಬರುವವರನ್ನು ಪ್ರವಾಸಿಗಳೆನ್ನುತ್ತೇವೆ. ಉಕ್ಕಡಗಾತ್ರಿಗೆ ಬರುವವರನ್ನು ಹಾಗೆನ್ನಲು ನಾಲಗೆ ಹೊರಳದು. ಆದರೆ ಊರು ಬಿಟ್ಟು ಬಂದು, ತಂಗಿ, ಉಂಡು, ಮಿಂದು ಹೋಗುವ ಇವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ವಿದ್ಯೆಯೊಂದಿದೆ. ಅದೇ ಪ್ರವಾಸೋದ್ಯಮ ನೀತಿ ಮತ್ತು ಯೋಜನೆ.

ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯ ಇದೇ ಹೆಸರಿನ ಸ್ನಾತಕೋತ್ತರ ಪದವಿ ನೀಡಿದ್ದುಂಟು. ನಮ್ಮಲ್ಲಿ ಈ ವಿಷಯ ಪ್ರವಾಸ ನಿರ್ವಹಣೆಯ ಪದವಿಗಳೊಳಗೇ ಅಡಗಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದಲ್ಲಿ 1983ರಲ್ಲಿ ಸ್ಥಾಪನೆಯಾದ ಸಂಸ್ಥೆ ಗ್ವಾಲಿಯರ್‌ನಲ್ಲಿದೆ. ಮನೆಯಲ್ಲೇ ಕುಳಿತು ಓದುವವರಿಗೆ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯವಿದೆ. ವಿಮಾನದ ಟಿಕೆಟ್ಟು, ಹೋಟೆಲಿನ ಸ್ವಾಗತಕಾರರ ಕೆಲಸಕ್ಕೇ ಈ ಓದು ಎಂಬ ಕಲ್ಪನೆ ಪೋಷಕರಲ್ಲಿ ಇನ್ನೂ ಹೋಗಿಲ್ಲ.

ಇಲ್ಲಿನ ಮುಖ್ಯ ಪಾಠ ‘ಧಾರಣಾ ಸಾಮರ್ಥ್ಯ’. ಒಂದು ಸ್ಥಳ ಎಷ್ಟು ಜನರನ್ನು ತಾಳೀತು ಎಂಬ ಲೆಕ್ಕ. 1992ರಲ್ಲಿ ಮಿಗೆಲ್ ಸಿಫುಯೆಂಟೆಸ್ ಎಂಬ ತಜ್ಞರು ರೂಪಿಸಿದ ಕ್ರಮ ಪ್ರೌಢಶಾಲೆಯ ಮಕ್ಕಳಿಗೂ ಅರ್ಥವಾದೀತು. ಉದಾಹರಣೆಗೆ, 600 ಚದರ ಮೀಟರಿನ ಸ್ನಾನಘಟ್ಟವೊಂದಿದೆ ಎಂದಿಟ್ಟುಕೊಳ್ಳಿ. ಒಬ್ಬರಿಗೆ 3 ಚದರ ಮೀಟರ್ ಬೇಕೆಂದರೆ ಒಮ್ಮೆಗೆ 200 ಮಂದಿ. ಒಬ್ಬರಿಗೆ ಅರ್ಧ ಗಂಟೆಯಂತೆ, 10 ಗಂಟೆಗಳಲ್ಲಿ 20 ಸರದಿ. ಒಟ್ಟು 4,000 ಜನ. ಇದು ಜಾಗದ ಲೆಕ್ಕ ಮಾತ್ರ. ಪಾಚಿಗಟ್ಟಿದ ಮೆಟ್ಟಿಲು, ಏರಿದ ನೀರು ಇವನ್ನು ಕಳೆದರೆ ಸಂಖ್ಯೆ ಇಳಿಯುತ್ತದೆ. ಹೆಂಗಸರು ಬಟ್ಟೆ ಬದಲಿಸಲು ಮರೆ ಎಷ್ಟಿದೆ, ಶೌಚಾಲಯ ಎಷ್ಟು, ಕಸ ಎತ್ತುವವರೆಷ್ಟು ಎಂದು ಕೇಳಿದರೆ ಇನ್ನೂ ಇಳಿಯುತ್ತದೆ. ಕೊನೆಗೆ ಉಳಿದದ್ದೇ ನಿಜವಾದ ಸಾಮರ್ಥ್ಯ. ಅಮಾವಾಸ್ಯೆಯ ಜನ ಅದಕ್ಕಿಂತ ಹೆಚ್ಚಾದರೆ ಭಕ್ತರನ್ನು ತಡೆಯಲಾದೀತೆ? ಆಗದು. ಸರದಿಯನ್ನು, ಬಸ್ಸುಗಳ ವೇಳೆಯನ್ನು, ಘಟ್ಟದ ಉದ್ದವನ್ನು ಬದಲಿಸಬೇಕಾಗುತ್ತದೆ.

ಹೊಳೆಗೆ ಬಿಟ್ಟ ಬಟ್ಟೆಯ ಮಾತು ಬೇರೆ. ಹತ್ತಿಯಾದರೆ ಕೊಳೆಯುತ್ತದೆ, ಪಾಲಿಯೆಸ್ಟರ್ ಸವೆದು ಸೂಕ್ಷ್ಮ ಎಳೆಗಳಾಗಿ ನೀರಿನಲ್ಲಿ ಉಳಿಯುತ್ತದೆ. ದಾವಣಗೆರೆಯ ನಲ್ಲಿಗಳಿಗೆ ನೀರೆತ್ತುವ ರಾಜನಹಳ್ಳಿ ಇದೇ ಹೊಳೆಯ ಕೆಳದಂಡೆಯಲ್ಲಿದೆ ಎಂಬುದನ್ನು ನಗರವಾಸಿಗಳು ಗಮನಿಸಬೇಕು. ನದಿತೀರದ ಯಾತ್ರಾಸ್ಥಳಗಳಲ್ಲಿ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಾಟ ನಿಷೇಧಿಸಿ, ಬಟ್ಟೆ ಬಿಡುವುದನ್ನೂ ತಡೆಯುವಂತೆ ಪರಿಸರ ಸಚಿವ ಈಶ್ವರ ಖಂಡ್ರೆ 2025ರ ಮಾರ್ಚ್‌ನಲ್ಲಿ ಅಧಿಕಾರಿಗಳಿಗೆ ಸೂಚಿಸಿದರು. ಅದು ನೀತಿ. ಪೀಡೆ ಕಳೆಯಿತೆಂಬ ನೆಮ್ಮದಿಗೆ ಭಂಗ ಬಾರದಂತೆ ಆ ಬಟ್ಟೆಯನ್ನು ಎಲ್ಲಿ ಬಿಡಿಸಬೇಕು, ಯಾರು ಸಾಗಿಸಬೇಕು ಎಂದು ಗೊತ್ತುಮಾಡುವುದು ಯೋಜನೆ. ಕಷ್ಟವಿರುವುದು ಎರಡನೆಯದರಲ್ಲೇ.

ಮಳೆಗಾಲದಲ್ಲಿ ಗಾಜನೂರಿನಿಂದಲೂ ಭದ್ರಾ ಜಲಾಶಯದಿಂದಲೂ ನೀರು ಬಿಟ್ಟರೆ ಫತ್ತೇಪುರದ ರಸ್ತೆ ಮುಳುಗುತ್ತದೆ. ಮುನ್ನೆಚ್ಚರಿಕೆ ಹೊಳೆಯಂಚಿನ ಹಳ್ಳಿಗಳಿಗೆ ತಲುಪಿದರಷ್ಟೇ ಸಾಲದು, ನೂರು ಮೈಲಿ ಆಚೆ ಬಸ್ಸು ಹತ್ತುವವನಿಗೂ ತಿಳಿಯಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಅಸ್ವಸ್ಥರ ವಿಚಾರ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು, ದರ್ಗಾದ ನೆರಳಿನಲ್ಲಿ ನಡೆಯುತ್ತಿದ್ದ ಆಶ್ರಯವೊಂದಕ್ಕೆ ಬೆಂಕಿ ಬಿದ್ದು, ಸರಪಳಿ ಬಿಗಿಸಿಕೊಂಡಿದ್ದ 28 ಮನೋರೋಗಿಗಳು ಸತ್ತರು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ ಪ್ರಾರ್ಥನೆಯ ಮಗ್ಗುಲಲ್ಲೇ ಮನೋವೈದ್ಯರ ಔಷಧವೂ ಸಿಗುವಂತಾಯಿತು. ನಂಬಿಕೆಯನ್ನು ಹೀಗಳೆಯದೆ ರೋಗಿಗೆ ವೈದ್ಯನನ್ನು ಮುಟ್ಟಿಸುವ ಬಗೆ ಇದು.

ಸ್ನಾತಕ ಎಂದರೆ ವಿದ್ಯೆ ಮುಗಿಸಿ ಮಿಂದವನೆಂದೇ ಮೂಲಾರ್ಥ. ಈ ಪದವಿಯಲ್ಲಿ ಮಾತ್ರ ಸ್ನಾನಘಟ್ಟದಿಂದಲೇ ವಿದ್ಯೆ ಆರಂಭವಾದೀತು. ಕೊನೆಯ ವರ್ಷದ ಪ್ರಬಂಧಕ್ಕೆ ಗೋವಾ, ಹಂಪಿಯೆಂದು ಹೊರಡುವ ಹರಿಹರದ ವಿದ್ಯಾರ್ಥಿ ಅಳತೆ ಪಟ್ಟಿ, ಗಡಿಯಾರ ಹಿಡಿದು ಅಮಾವಾಸ್ಯೆಯ ಮೊದಲ ಬಸ್ಸಿಗೆ ಉಕ್ಕಡಗಾತ್ರಿಗೆ ಹೋಗಬಹುದು. ಘಟ್ಟಕ್ಕೆ ಇಳಿದವರೆಷ್ಟು, ಬಟ್ಟೆ ಬಿಟ್ಟವರೆಷ್ಟು ಎಂದು ಎಣಿಸಲು ಒಂದು ಹಗಲು ಸಾಕು.