ಕಿರುರೈಲಿನ ಬೆಟ್ಟಗುಡ್ಡಗಳು

ಅಮೆರಿಕ, ಇಂಗ್ಲೆಂಡು, ಜರ್ಮನಿ ಮೊದಲಾದ ದೇಶಗಳಲ್ಲಿ ರೈಲಿನ ಕಿರುಮಾದರಿ ಕಟ್ಟುವುದು ದೊಡ್ಡವರಿಗೂ ಪ್ರಿಯವಾದ ಹವ್ಯಾಸ. ಮೇಜಿನ ಮೇಲೆ ಹಳಿ ಹಾಸಿ ಗಾಡಿ ಓಡಿಸಿದಷ್ಟಕ್ಕೆ ಅವರಿಗೆ ತೃಪ್ತಿಯಿಲ್ಲ. ಹಳಿಯ ಇಕ್ಕೆಲಗಳಲ್ಲಿ ಬೆಟ್ಟ ಬೇಕು, ಕಣಿವೆ ಬೇಕು, ಬೆಟ್ಟವನ್ನು ಕೊರೆದ ಸುರಂಗವೂ ಬೇಕು. ಇವರಲ್ಲಿ ಬಹುಮಂದಿ ಬಳಸುವ ಪ್ರಮಾಣ ಒಂದಕ್ಕೆ ೮೭. ಎಂದರೆ ೮೭ ಅಡಿಯ ವಸ್ತು ಮೇಜಿನ ಮೇಲೆ ಒಂದು ಅಡಿಯಾಗುತ್ತದೆ. ಈ ಲೆಕ್ಕದಂತೆ ನೂರು ಅಡಿಯ ಗುಡ್ಡ ಹದಿನಾಲ್ಕು ಅಂಗುಲಕ್ಕೆ ಇಳಿಯುತ್ತದೆ. ಅದೇ ಲೆಕ್ಕವನ್ನು ತಿರುಗಿಸಿ ನೋಡಿ: ಮಾದರಿಯ ಮೈಮೇಲೆ ಬಿಟ್ಟ ಒಂದು ಮಿಲಿಮೀಟರ್ ಬಿರುಕು ಆ ಪುಟ್ಟ ಲೋಕದಲ್ಲಿ ಸುಮಾರು ಮೂರೂವರೆ ಅಂಗುಲದ ಬಿರುಕು! ಆದುದರಿಂದಲೇ ನೆಲವನ್ನು ರೂಪಿಸುವುದಕ್ಕೂ ನಯಗೊಳಿಸುವುದಕ್ಕೂ ಅವರು ಅಷ್ಟು ಶ್ರಮಪಡುತ್ತಾರೆ.

ಇಂಥ ಬೆಟ್ಟಕ್ಕೆ ಮೂರು ಅಂಗಗಳು: ಒಳಗಿನ ಗೂಡು, ಅದರ ಮೇಲಿನ ಚಿಪ್ಪು, ಚಿಪ್ಪಿನ ಮೇಲಿನ ಲೇಪ. ಗೂಡಿಗೆ ರಟ್ಟಿನ ಪಟ್ಟಿಗಳನ್ನು ಚಾಪೆಯಂತೆ ಹೆಣೆಯುತ್ತಾರೆ. ಇಲ್ಲವೆ ತಂತಿಬಲೆಯನ್ನು ಬಾಗಿಸುತ್ತಾರೆ. ಇಲ್ಲವೆ ಥರ್ಮಾಕೋಲಿನ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಇಳಿಜಾರಾಗಿ ಕೊಯ್ಯುತ್ತಾರೆ. ಥರ್ಮಾಕೋಲ್ ಬಲು ಹಗುರ. ಆದರೆ ಪೆಟ್ರೋಲ್, ಥಿನ್ನರ್‌ಗಳಂಥ ದ್ರಾವಕವಿರುವ ಅಂಟು ತಗುಲಿದರೆ ಅದು ಕರಗಿಹೋಗುತ್ತದೆ. ನೀರಿನಲ್ಲಿ ಬೆರೆಯುವ ಅಂಟೇ ಅದಕ್ಕೆ ಸರಿ.

ಮುಂದಿನ ಎರಡು ಅಂಗಗಳಿಗೆ ಸಾಮಗ್ರಿಯನ್ನು ಆರಿಸುವಾಗ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇದು ಗಟ್ಟಿಯಾಗುವುದು ನೀರನ್ನು ಬಿಟ್ಟೋ, ನೀರನ್ನು ಹಿಡಿದುಕೊಂಡೋ?

ಜೇಡಿಮಣ್ಣು, ಕಾಗದದ ರೊಟ್ಟು, ಡಬ್ಬಿಯಲ್ಲಿ ಕಲಸಿಯೇ ಬರುವ ಗೋಡೆಯ ಪುಟ್ಟಿ ಇವು ಮೊದಲ ಗುಂಪಿನವು. ನೀರು ಆರಿದಂತೆ ಇವು ಕುಗ್ಗುತ್ತವೆ. ದಪ್ಪವಾಗಿ ಮೆತ್ತಿದರೆ ಮೇಲ್ಪದರ ಬೇಗ ಆರಿ, ಒಳಪದರ ಹಸಿಯಾಗಿಯೇ ಉಳಿದು, ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕೆರೆಯಂಗಳ ಬಿರಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಗುಂಪಿನಲ್ಲಿ ಮುಖ್ಯವಾದುದು ಪ್ಲಾಸ್ಟರ್ ಆಫ್ ಪ್ಯಾರಿಸ್. ಜಿಪ್ಸಮ್ ಎಂಬ ಖನಿಜವನ್ನು ಸುಮಾರು ೧೫೦ ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ, ಅದರೊಳಗೆ ಸೇರಿಕೊಂಡಿರುವ ನೀರಿನ ಮುಕ್ಕಾಲು ಭಾಗ ಹೊರಟುಹೋಗಿ ಪುಡಿ ಉಳಿಯುತ್ತದೆ. ಆ ಪುಡಿಗೆ ಮತ್ತೆ ನೀರು ದೊರೆತಾಗ ಕಳೆದುಕೊಂಡುದನ್ನು ಮರಳಿ ಪಡೆದು, ಸೂಜಿಯಂಥ ಹರಳುಗಳಾಗಿ ಹೆಣೆದುಕೊಂಡು ಕಲ್ಲಾಗುತ್ತದೆ. ಕುಗ್ಗುವುದಿಲ್ಲ, ಕೊಂಚ ಹಿಗ್ಗುತ್ತದೆ ಕೂಡ. ಆದುದರಿಂದ ಚಿಪ್ಪಿಗೆ ಇದೇ ಯೋಗ್ಯ.

೧೯೬೦ರ ದಶಕದಲ್ಲಿ ಅಮೆರಿಕದ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಅವರು ಪ್ರಚಾರಕ್ಕೆ ತಂದ ‘ಗಟ್ಟಿಚಿಪ್ಪು’ ವಿಧಾನ ಸರಳವಾದುದು. ಇದೇ ಜಾತಿಯ ಗಡುಸಾದ ಪ್ಲಾಸ್ಟರನ್ನು ತೆಳುವಾಗಿ ಕಲಸಿ, ಕೈ ಒರೆಸುವ ಕಾಗದವನ್ನು ಅದರಲ್ಲಿ ಅದ್ದಿ ಗೂಡಿನ ಮೇಲೆ ಹೊದಿಸಬೇಕು. ಒಂದರ ಅಂಚು ಇನ್ನೊಂದರ ಮೇಲೆ ಬರಬೇಕು. ಗಟ್ಟಿಯಾದ ಮೇಲೆ ಆ ತೆಳುಚಿಪ್ಪು ತನ್ನ ಭಾರವನ್ನು ತಾನೇ ಹೊರುತ್ತದೆ. ಮೂಳೆ ಮುರಿದಾಗ ಹಾಕುವ ಪ್ಲಾಸ್ಟರ್ ಪಟ್ಟಿಯನ್ನೇ ನೀರಿಗದ್ದಿ ಹೊದಿಸುವವರೂ ಉಂಟು.

ಕಲಸುವಾಗ ಪುಡಿಯನ್ನು ನೀರಿಗೆ ಹಾಕಬೇಕು. ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಬೋಗುಣಿಯನ್ನು ಪ್ರತಿಸಲವೂ ತೊಳೆಯಬೇಕು. ಅಂಚಿನಲ್ಲಿ ಉಳಿದ ಹಳೆಯ ಪ್ಲಾಸ್ಟರು ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸಮಾಡಿ, ಹೊಸದನ್ನು ಬೇಗನೆ ಗಟ್ಟಿಮಾಡುತ್ತದೆ.

ಇನ್ನು ನಯಗೊಳಿಸುವ ಕೆಲಸ. ಕಾಗದದ ಮಡಿಕೆಗಳನ್ನು ಮುಚ್ಚಲು ಪ್ಲಾಸ್ಟರಿಗೆ ಕಾಗದದ ನಾರು ಬೆರೆಸಿದ ಮಿಶ್ರಣ ಅನುಕೂಲ. ಹಸಿಯಿರುವಾಗಲೇ ಒದ್ದೆ ಕುಂಚದಿಂದ ಸವರಿದರೆ ಮಣ್ಣಿನ ಇಳಿಜಾರು ನಯವಾಗುತ್ತದೆ. ಪುಟ್ಟಿಗೂ ಇಲ್ಲಿ ಸ್ಥಾನವುಂಟು: ತೆಳುವಾಗಿ ಬಳಿದು, ಪೂರ್ತಿ ಆರಿದ ಮೇಲೆ ಮತ್ತೊಂದು ಪದರ ಬಳಿಯಬೇಕು. ಲೇಪಕ್ಕೆ ಮೊದಲೇ ಮಣ್ಣಿನ ಬಣ್ಣ ಬೆರೆಸಿದರೆ ಮುಂದೆ ಚಕ್ಕೆ ಎದ್ದರೂ ಬಿಳುಪು ಕಾಣುವುದಿಲ್ಲ. ಬಂಡೆಯನ್ನು ಮಾತ್ರ ಒರಟಾಗಿಯೇ ಬಿಡಬೇಕು. ಆರಿದುದನ್ನು ಉಪ್ಪುಕಾಗದದಿಂದ ಉಜ್ಜುವಾಗ ಮೂಗು ಬಾಯಿಗಳಿಗೆ ಮುಸುಕು ಇರಲಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ದಸರೆಯ ಗೊಂಬೆಗಳ ಮುಂದೆ ಬೆಟ್ಟ ಕಟ್ಟುವ ನಮ್ಮ ಮಕ್ಕಳೂ ಈ ಪುಡಿಯನ್ನು ತಂದಾರು. ಆದುದರಿಂದ ತಾಯಿತಂದೆಗಳಿಗೆ ಒಂದು ಮಾತು. ಪ್ಲಾಸ್ಟರು ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ತೆಳುಚಿಪ್ಪಿನಲ್ಲಿ ಅದು ಗಾಳಿಗೆ ಆರಿಹೋಗುತ್ತದೆ. ದಪ್ಪ ಮುದ್ದೆಯಲ್ಲಿ ಒಳಗೇ ನಿಂತು ೬೦ ಡಿಗ್ರಿಯವರೆಗೂ ಏರಬಹುದು. ೨೦೦೭ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಕೈಯ ಅಚ್ಚು ತೆಗೆಯಲೆಂದು ಪ್ಲಾಸ್ಟರಿನಲ್ಲಿ ಕೈ ಮುಳುಗಿಸಿದ ಹುಡುಗಿಯೊಬ್ಬಳು ಸುಟ್ಟ ಗಾಯದಿಂದ ಬೆರಳುಗಳನ್ನೇ ಕಳೆದುಕೊಂಡಳು. ಗಟ್ಟಿಯಾದ ಮೇಲೆ ಕೈಯನ್ನು ಹೊರತೆಗೆಯಲೂ ಆಗುವುದಿಲ್ಲ. ಕಲಸಲು ಕೋಲು, ಬಳಿಯಲು ಕುಂಚ, ಕೈಗೆ ರಬ್ಬರ್ ಗವಸು ಇರಲಿ. ಬೋಗುಣಿಯೊಳಗೆ ಕೈ ಇಡುವುದು ಮಾತ್ರ ಬೇಡ.

ಮಿಕ್ಕ ಪ್ಲಾಸ್ಟರನ್ನು ಬಚ್ಚಲಿಗೆ ಸುರಿಯಬಾರದು. ನೀರಿನೊಳಗೂ ಅದು ಗಟ್ಟಿಯಾಗಿ ಕೊಳವೆಯನ್ನು ಕಟ್ಟಿಬಿಡುತ್ತದೆ. ಹಳೆಯ ಕಾಗದದ ಮೇಲೆ ಸುರಿದು, ಕಲ್ಲಾದ ಮೇಲೆ ಕಸಕ್ಕೆ ಹಾಕುವುದು ಲೇಸು.