ಹಣ್ಣು, ಸಕ್ಕರೆ, ಹುಳಿ: ಬೇಸಿಗೆಗೆ ಮನೆಯಲ್ಲೇ ಷರಬತ್ತಿನ ಪಾಕ

ಪಂಗುಣಿ ಮಾಸದಲ್ಲಿ ಕಪಾಲೀಶ್ವರನ ಅರುವತ್ತುಮೂವರ ಉತ್ಸವ ನಡೆಯುವ ದಿನ ಮೈಲಾಪುರದ ಮಾಡಬೀದಿಗಳಿಗೆ ಬಾಯಾರಿ ಬಂದವನು ಬಾಯಾರಿಯೇ ಹಿಂದಿರುಗುವುದಿಲ್ಲ. ಅಲ್ಲಲ್ಲಿ ಚಪ್ಪರಗಳು, ಚಪ್ಪರದಡಿಯಲ್ಲಿ ನೀರುಮಜ್ಜಿಗೆ, ಪಾನಕ, ಗುರುತು ಪರಿಚಯ ಕೇಳದೆ ಲೋಟವನ್ನು ಕೈಗಿಡುವ ಪುಣ್ಯವಂತರು. ಆದರೆ ಉತ್ಸವವು ಕೆಲವು ದಿನಗಳದು, ಬಿಸಿಲು ತಿಂಗಳುಗಳದು. ಪಂಗುಣಿ ಕಳೆದು ಚಿತ್ತಿರೈ ಬಂದು, ಇಲ್ಲಿನವರು ‘ಕತ್ತಿರಿ ಬಿಸಿಲು’ ಎಂದು ಕರೆಯುವ ಅಗ್ನಿನಕ್ಷತ್ರವು ನೆತ್ತಿಯ ಮೇಲೆ ನಿಂತಿತೆಂದರೆ ಈ ಪಟ್ಟಣದ ಉರಿ ಎಂತಹುದೆಂದು ವಾಚಕರಿಗೆ ನಾವು ಹೇಳಬೇಕಾಗಿಲ್ಲ. ೨೦೦೩ನೆಯ ಇಸವಿ ಮೇ ೩೧ರಂದು ಇಲ್ಲಿ ಉಷ್ಣಮಾನವು ೪೫ ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದಿತು. ೨೦೨೪ರಲ್ಲಿ ತಮಿಳುನಾಡು ಸರ್ಕಾರವು ಬಿಸಿಗಾಳಿಯನ್ನೂ ರಾಜ್ಯದ ವಿಪತ್ತುಗಳಲ್ಲಿ ಒಂದೆಂದು ಸಾರಿತು.

ಬಿಸಿಲು ಎಲ್ಲರಿಗೂ ಒಂದೇ ಎನ್ನುತ್ತಾರೆ. ಒಲೆಯ ಮುಂದೆ ನಿಂತವನಿಗೆ ಅದು ಎರಡು. ಬೆಳಗಿನ ಜಾವದಿಂದ ದೋಸೆಕಲ್ಲಿನ ಮುಂದೆ ಬೆವರುವ ಕುಂದಾಪುರದ ಹುಡುಗನನ್ನೂ, ನೂರಾರು ಜನರಿಗೆ ತಂಪು ಪಾನೀಯವನ್ನು ಒಯ್ದುಕೊಟ್ಟು ತಾನು ಮಾತ್ರ ಬಿಸಿ ಚಹಾ ಕುಡಿದೇ ದಿನ ಕಳೆಯುವ ಸಪ್ಲೈಯರ್ ಬಂಧುವನ್ನೂ ನಾವು ಬಲ್ಲೆವು. ಆಫೀಸಿನಿಂದ ಬಸ್ಸಿನಲ್ಲಿ ನಿಂತೇ ಕೋಣೆಗೆ ಮರಳುವ ಗುಮಾಸ್ತರು ದಾರಿಯಲ್ಲಿ ಬಣ್ಣದ ನೀರಿನ ಸೀಸೆಗೆ ಹಣ ತೆರುವುದೂ ಹೊಸ ವಿಷಯವಲ್ಲ. ಇಂತಹ ನಮ್ಮವರು ತಮ್ಮ ಕೋಣೆಯಲ್ಲೇ, ಅಲ್ಪ ಖರ್ಚಿನಲ್ಲಿ, ಹಣ್ಣಿನ ಪಾಕವನ್ನು ಸಿದ್ಧಪಡಿಸಿಟ್ಟುಕೊಳ್ಳುವ ಬಗೆಯನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೂವರ ಒಪ್ಪಂದ

ಕುಡಿಯುವ ಪಾಕವೆಂಬುದು ಮೂವರ ನಡುವಣ ಒಪ್ಪಂದ. ಹಣ್ಣು ರುಚಿಯನ್ನೂ ಪರಿಮಳವನ್ನೂ ಕೊಡುತ್ತದೆ. ಸಕ್ಕರೆಯು ಹಣ್ಣಿನೊಳಗಿನ ರಸವನ್ನು ಹೊರಕ್ಕೆ ಸೆಳೆಯುತ್ತದೆ. ಸಾಕಷ್ಟು ಸೇರಿದರೆ ಪಾಕವು ಕೆಡದಂತೆ ಕಾಯುತ್ತದೆ. ಹುಳಿಯು ಸಿಹಿಯ ಭಾರವನ್ನು ಕಳೆದು ಬಾಯಾರಿಕೆಯನ್ನು ತಣಿಸುತ್ತದೆ. ಕೆಡಿಸುವ ಸೂಕ್ಷ್ಮಜೀವಿಗಳನ್ನು ತಡೆಯುವುದರಲ್ಲಿ ಸಕ್ಕರೆಗೆ ಜೊತೆಯಾಗುತ್ತದೆ.

ಹಣ್ಣು ತಾನೇ ಹುಳಿಯಾಗಿದ್ದರೆ ಇಬ್ಬರೇ ಸಾಕು. ಹಣ್ಣಿನಲ್ಲಿ ಹುಳಿ ಸಾಲದಿದ್ದರೆ ಅದನ್ನು ಹೊರಗಿನಿಂದ ತರಬೇಕು. ತಮಿಳರ ಅಚ್ಚುಮೆಚ್ಚಿನ ನನ್ನಾರಿ ಷರಬತ್ತನ್ನೇ ನೋಡಿರಿ. ನನ್ನಾರಿ ಎಂದರೆ ನಮ್ಮ ಸೊಗದೆ ಬೇರು. ಅದರಲ್ಲಿ ಸುಗಂಧವುಂಟು, ಹುಳಿಯಿಲ್ಲ. ಆದುದರಿಂದಲೇ ಅಂಗಡಿಯವನು ಲೋಟಕ್ಕೆ ನಿಂಬೆಹಣ್ಣನ್ನು ಹಿಂಡಿಯೇ ಕೊಡುತ್ತಾನೆ. ಈ ಒಂದು ತತ್ತ್ವವನ್ನು ಮನಸ್ಸಿಗೆ ತಂದುಕೊಂಡವನು ಯಾವ ಊರಿನಲ್ಲಿದ್ದರೂ, ಯಾವ ಹಣ್ಣು ಸಿಕ್ಕಿದರೂ, ಪಾಕ ಮಾಡಬಲ್ಲನು.

ಊರಿನ ಭರಣಿ

ನಮ್ಮ ಕಡೆಯವರಿಗೆ ಪಾಕವೆಂದೊಡನೆ ನೆನಪಾಗುವುದು ಪುನರ್ಪುಳಿ. ಮುರುಗಲು, ಬಿರಿಂಡ ಎಂಬ ಹೆಸರುಗಳೂ ಇದಕ್ಕುಂಟು. ಸಹ್ಯಾದ್ರಿಯ ತಪ್ಪಲಿನಿಂದ ಕರಾವಳಿಯವರೆಗೆ ಬೆಳೆಯುವ ಈ ಮರದ ಹಣ್ಣುಗಳು ಏಪ್ರಿಲ್‌, ಮೇ ತಿಂಗಳುಗಳಲ್ಲಿ, ಮಳೆ ಹಿಡಿಯುವ ಮೊದಲು ಮಾಗುತ್ತವೆ. ಅದರ ಸಿಪ್ಪೆಯೇ ಸಾರು, ಷರಬತ್ತುಗಳಿಗೆ ಮೂಲ. ಬೀಜದಿಂದ ಮುರುಗಲ ತುಪ್ಪ ದೊರೆಯುತ್ತದೆ.

ಊರಿನ ಹೆಂಗಸರು ಇದಕ್ಕೆ ಒಲೆಯನ್ನೇ ಹಚ್ಚುವುದಿಲ್ಲ. ಹಣ್ಣನ್ನು ತೊಳೆದು, ಒರಸಿ, ಸೀಳಿ, ಬೀಜ ತೆಗೆದು, ಸಿಪ್ಪೆಯನ್ನು ಭರಣಿಯಲ್ಲಿ ಒಂದು ಪದರ ಹಾಸುತ್ತಾರೆ. ಅದರ ಮೇಲೆ ಸಕ್ಕರೆ, ಮತ್ತೆ ಸಿಪ್ಪೆ, ಮತ್ತೆ ಸಕ್ಕರೆ. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ ಎಂಬುದು ಅಳತೆ. ಬಾಯಿಗೆ ಶುಭ್ರವಾದ ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಟ್ಟು, ದಿನವೂ ಒಣಗಿದ ಸೌಟಿನಿಂದ ಕೈಯಾಡಿಸಿದರೆ, ಸಕ್ಕರೆಯೆಲ್ಲ ಕರಗಿ ಮಾಣಿಕ್ಯದ ಬಣ್ಣದ ಪಾಕವು ತೇಲಿಬರುತ್ತದೆ. ಸೋಸಿ ಸೀಸೆಗೆ ತುಂಬುವುದಷ್ಟೆ ಉಳಿದ ಕೆಲಸ. ಒಂದು ಪಾಲು ಪಾಕಕ್ಕೆ ಐದಾರು ಪಾಲು ನೀರು, ಒಂದು ಚಿಟಿಕೆ ಉಪ್ಪು, ಸ್ವಲ್ಪ ಹುರಿದ ಜೀರಿಗೆಯ ಪುಡಿ.

ಮೈಲಾಪುರದಲ್ಲಿ ತಾಜಾ ಪುನರ್ಪುಳಿಯನ್ನು ಎಲ್ಲಿಂದ ತರೋಣ ಎಂದು ವಾಚಕರು ಕೇಳಬಹುದು. ರಜೆಯಲ್ಲಿ ಊರಿಗೆ ಹೋದವರು ಒಣಸಿಪ್ಪೆಯ ಪೊಟ್ಟಣ ತರುವುದು ರೂಢಿಯಲ್ಲಿದೆ. ಅದರಿಂದಲೂ ಆಗುತ್ತದೆ. ೧೦೦ ಗ್ರಾಂ ಒಣಸಿಪ್ಪೆಯನ್ನು ತೊಳೆದು ೪೦೦ ಮಿಲಿಲೀಟರ್ ಬಿಸಿನೀರಿನಲ್ಲಿ ನಾಲ್ಕು ಗಂಟೆ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿರಿ. ದೊರೆತ ರಸವನ್ನು ತೂಗಿ, ಅದರ ಎರಡರಷ್ಟು ಸಕ್ಕರೆ ಸೇರಿಸಿ, ಕರಗುವವರೆಗೆ ಕಾಯಿಸಿ, ಒಂದು ಕುದಿ ಬಂದೊಡನೆ ಇಳಿಸಿರಿ. ಉಪ್ಪು ಬೆರೆಸಿ ಒಣಗಿಸಿದ ಸಿಪ್ಪೆಯೂ ಅಂಗಡಿಗಳಲ್ಲಿ ಉಂಟಾದುದರಿಂದ, ಮೊದಲು ಒಂದು ಚೂರನ್ನು ಬಾಯಿಗೆ ಹಾಕಿ ನೋಡುವುದು ಜಾಣತನ.

ಹುಳಿಯನ್ನು ಹೊರಗಿನಿಂದ ತಂದವರು

ಪುನರ್ಪುಳಿಯಂತಹ ಹಣ್ಣಿಲ್ಲದ ನಾಡುಗಳವರು ಏನು ಮಾಡಿದರು? ಅವರು ವಿನೆಗರನ್ನು ಆಶ್ರಯಿಸಿದರು. ನಮ್ಮ ಮುಸಲ್ಮಾನ ಬಂಧುಗಳು ಇದನ್ನು ಸಿರ್ಕಾ ಎನ್ನುತ್ತಾರೆ. ಮಂಗಳೂರಿನ ಕ್ರೈಸ್ತರ ಅಡುಗೆಮನೆಗಳಲ್ಲಿ ತೆಂಗಿನ ಕಳ್ಳಿನಿಂದಾದ ವಿನೆಗರ್ ಬಹುಕಾಲದಿಂದ ಬಳಕೆಯಲ್ಲಿದೆ. ಗ್ರೀಸಿನ ವೈದ್ಯರು ಜೇನನ್ನು ವಿನೆಗರಿಗೆ ಬೆರೆಸಿ ಔಷಧವಾಗಿ ಕೊಡುತ್ತಿದ್ದರು. ರೋಮಿನ ಸಿಪಾಯಿಗಳು ವಿನೆಗರ್ ಬೆರೆತ ನೀರನ್ನು ಕುಡಿಯುತ್ತಿದ್ದರು. ಪಾರಸಿಕರ ‘ಸಿಕಂಜಬೀನ್’ ಎಂಬ ಪಾಕವು ಇವೆಲ್ಲಕ್ಕಿಂತ ರುಚಿಕರ. ಸಿಕಂಜಬೀನ್ ಯುನಾನಿ ವೈದ್ಯರ ಮೂಲಕ ನಮ್ಮ ದೇಶಕ್ಕೂ ಬಂದಿತು. ಉತ್ತರದವರ ‘ಶಿಕಂಜಿ’ ಎಂಬ ನಿಂಬೆಯ ಪಾನೀಯದ ಹೆಸರು ಇದರಿಂದಲೇ ಹುಟ್ಟಿದುದು. ಆಂಗ್ಲರು ತಮ್ಮ ಹಣ್ಣು-ವಿನೆಗರಿನ ಪಾಕವನ್ನು ‘ಶ್ರಬ್’ ಎಂದರು. ಷರಬತ್ತು, ಸಿರಪ್, ಶ್ರಬ್ ಈ ಮೂರು ಮಾತುಗಳೂ ‘ಕುಡಿ’ ಎಂಬ ಅರ್ಥದ ಒಂದೇ ಅರಬ್ಬೀ ಧಾತುವಿನ ಮಕ್ಕಳು. ಶೈತ್ಯಪೆಟ್ಟಿಗೆ ಇಲ್ಲದ ಕಾಲದಲ್ಲಿ ಹಣ್ಣನ್ನು ಉಳಿಸಿಕೊಳ್ಳುವ ಉಪಾಯವಾಗಿ ಇವು ಬೆಳೆದವು. ನಮ್ಮ ತಾಯಂದಿರ ಭರಣಿಯ ಹಿಂದಿದ್ದುದೂ ಅದೇ ಬುದ್ಧಿಯಲ್ಲವೆ?

ಶೈತ್ಯಪೆಟ್ಟಿಗೆ ಇಲ್ಲದ ಕೋಣೆಗೆ

ನಾಲ್ಕೈದು ಜನ ಒಂದೇ ಕೋಣೆಯಲ್ಲಿ ವಾಸಿಸುವವರಿಗೆ ಸಿಕಂಜಬೀನ್ ಅತ್ಯಂತ ಅನುಕೂಲವಾದುದು. ಒಂದು ಕಿಲೋ ಸಕ್ಕರೆಗೆ ೪೦೦ ಮಿಲಿಲೀಟರ್ ನೀರು ಹಾಕಿ ಸ್ಟೀಲಿನ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿರಿ. ೨೦೦ ಮಿಲಿಲೀಟರ್ ವಿನೆಗರ್ ಹೊಯ್ದು ಸಣ್ಣ ಉರಿಯಲ್ಲಿ ಇನ್ನು ಹದಿನೈದು ನಿಮಿಷ ಬಿಡಿರಿ. ಕೆಳಗಿಳಿಸಿ, ತೊಳೆದು ನೀರಾರಿಸಿದ ಒಂದು ಹಿಡಿ ಪುದೀನವನ್ನು ಬಿಸಿ ಪಾಕದಲ್ಲಿ ಮುಳುಗಿಸಿ, ತಣ್ಣಗಾದ ಮೇಲೆ ಎಲೆಗಳನ್ನು ತೆಗೆದು ಸೋಸಿರಿ. ಸಕ್ಕರೆ, ಹುಳಿ ಎರಡೂ ಬಲವಾಗಿರುವ ಈ ಪಾಕವು ಹೊರಗೇ ಕೆಲವು ವಾರ ನಿಲ್ಲುತ್ತದೆ. ಒಂದು ಪಾಲಿಗೆ ಏಳೆಂಟು ಪಾಲು ತಣ್ಣೀರು ಬೆರೆಸಿ, ಎಳೆಯ ಸೌತೆಕಾಯಿಯ ತುರಿ ಹಾಕಿ ಕುಡಿಯುವುದು ಇರಾಣದವರ ಪದ್ಧತಿ. ಕೋಸಂಬರಿ ಪಾನಕಗಳ ಜೋಡಿಯನ್ನು ಬಲ್ಲ ನಮಗೆ ಇದು ಪರಕೀಯವೆನಿಸದು.

ಶೈತ್ಯಪೆಟ್ಟಿಗೆ ಉಳ್ಳವರಿಗೆ

ಹಣ್ಣಿನ ಪರಿಮಳ ಪೂರ್ತಿ ಉಳಿಯಬೇಕಾದರೆ ಬೆಂಕಿ ತೋರಿಸಬಾರದು. ಅನಾನಸು, ಕಪ್ಪು ದ್ರಾಕ್ಷಿ, ನೇರಳೆ ಈ ಮೂರರಲ್ಲಿ ಯಾವುದಾದರೂ ಆದೀತು. ಅರ್ಧ ಕಿಲೋ ಹಣ್ಣನ್ನು ಹೆಚ್ಚಿ, ದ್ರಾಕ್ಷಿ ನೇರಳೆಗಳಾದರೆ ಕಿವುಚಿ, ಅರ್ಧ ಕಿಲೋ ಸಕ್ಕರೆ ಬೆರೆಸಿ, ಗಾಜಿನ ಜಾಡಿಯಲ್ಲಿ ಎರಡು ದಿನ ಶೈತ್ಯಪೆಟ್ಟಿಗೆಯಲ್ಲಿಡಿರಿ. ಸಕ್ಕರೆ ರಸವನ್ನೆಲ್ಲ ಸೆಳೆದಿರುತ್ತದೆ. ಸೋಸಿ, ೩೦೦ ಮಿಲಿಲೀಟರ್ ವಿನೆಗರ್ ಸೇರಿಸಿ ಮತ್ತೆ ಒಂದು ವಾರ ಒಳಗಿಡಿರಿ. ಮೊದಲ ದಿನ ಮೂಗಿಗೆ ಹೊಡೆಯುವ ವಿನೆಗರಿನ ಖಾರವು ವಾರ ಕಳೆಯುವುದರೊಳಗೆ ಹಣ್ಣಿನೊಡನೆ ಹೊಂದಿಕೊಂಡು ಮೃದುವಾಗುತ್ತದೆ. ಇದರಲ್ಲಿ ಸಕ್ಕರೆಯ ಪ್ರಮಾಣ ಕಡಿಮೆಯಾದುದರಿಂದ ಹೊರಗಿಡಬಾರದು. ಒಂದು ತಿಂಗಳೊಳಗೆ ಮುಗಿಸತಕ್ಕದ್ದು.

ವಿನೆಗರಿನ ವಿಚಾರ

ವಿನೆಗರ್ ಹೆಂಡದಿಂದ ಹುಟ್ಟಿದುದಲ್ಲವೆ, ಕುಡಿಯಬಹುದೆ ಎಂದು ಸಂಕೋಚಪಡುವವರುಂಟು. ಹಣ್ಣಿನ ಸಕ್ಕರೆಯು ಮೊದಲು ಮದ್ಯಸಾರವಾಗುವುದು ನಿಜ. ಬಳಿಕ ಗಾಳಿಯ ಸಂಪರ್ಕದಲ್ಲಿ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಆ ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಪೂರ್ತಿ ಮಾಗಿದ ವಿನೆಗರಿನಲ್ಲಿ ಅಮಲು ಏರಿಸುವಂತಹುದು ಏನೂ ಇರುವುದಿಲ್ಲ. ಆದರೂ ಮನಸ್ಸು ಒಪ್ಪದವರು ನಿಂಬೆರಸವನ್ನೇ ಬಳಸಲಿ, ತತ್ತ್ವ ಒಂದೇ.

ಕೊಳ್ಳುವಾಗ ಚೀಟಿಯನ್ನು ಓದಿರಿ. ಹುದುಗಿಸಿ ಮಾಡಿದ ವಿನೆಗರ್ ಬೇರೆ, ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ ಕೃತಕ ವಿನೆಗರ್ ಬೇರೆ. ಎರಡನೆಯದರ ಮೇಲೆ ‘ಸಿಂಥೆಟಿಕ್’ ಎಂದು ಮುದ್ರಿಸಿರಬೇಕು. ಆಮ್ಲದ ಪ್ರಮಾಣ ನೂರಕ್ಕೆ ೩.೭೫ಕ್ಕೆ ಕಡಿಮೆಯಿರಕೂಡದೆಂದು ಕಾನೂನು ಇದೆ. ಕುಡಿಯುವ ಪಾಕಕ್ಕೆ ಹುದುಗಿಸಿದ ವಿನೆಗರೇ ಮೇಲು. ಅದರಲ್ಲಿ ಹುಳಿಯೊಡನೆ ಪರಿಮಳವೂ ಇರುತ್ತದೆ.

ಹೋಟೆಲಿನವರು ಅನಾನಸಿನ ಕೇಸರಿಭಾತು ಮಾಡಿದ ದಿನ ರಾಶಿ ಬೀಳುವ ಸಿಪ್ಪೆಯಿಂದಲೂ ವಿನೆಗರ್ ಆಗುತ್ತದೆ. ಚೆನ್ನಾಗಿ ತೊಳೆದ ಸಿಪ್ಪೆ, ಲೀಟರಿಗೆ ೧೦೦ ಗ್ರಾಂ ಸಕ್ಕರೆ ಕರಗಿಸಿದ ಕುದಿಸಿ ಆರಿಸಿದ ನೀರು, ಬಾಯಿಗೆ ತೆಳುಬಟ್ಟೆ. ಒಂದು ವಾರದ ಮೇಲೆ ಸಿಪ್ಪೆ ತೆಗೆದು ಸೋಸಿ, ಇನ್ನು ನಾಲ್ಕೈದು ವಾರ ನೆರಳಿನಲ್ಲಿಟ್ಟರೆ ಹುಳಿಯಾಗುತ್ತದೆ. ಹಸುರು ಕಪ್ಪು ಬೂಷ್ಟು ಕಂಡರೆ ಚೆಲ್ಲಿಬಿಡಬೇಕು. ಇದರ ಬಲವನ್ನು ಅಳೆಯಲು ಮನೆಯಲ್ಲಿ ಸಾಧನವಿಲ್ಲವಾದುದರಿಂದ ಪಾತ್ರೆ ತೊಳೆಯುವುದಕ್ಕೋ ಅಂದಂದಿನ ಅಡುಗೆಗೋ ಬಳಸಿರಿ; ಬಹುದಿನ ಇಡುವ ಪಾಕಕ್ಕೆ ಬಲ ಗೊತ್ತಿರುವ ಅಂಗಡಿಯ ವಿನೆಗರೇ ಇರಲಿ.

ಮರೆಯಬಾರದ ಮಾತುಗಳು

ಹುಳಿಯುಳ್ಳ ಪಾಕವನ್ನು ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆಗಳಲ್ಲಿ ಕಾಯಿಸಲೂ ಬಾರದು, ಇಡಲೂ ಬಾರದು. ಆಮ್ಲವು ಲೋಹವನ್ನು ತಿಂದು ಪಾಕವನ್ನು ವಿಷಮಾಡುತ್ತದೆ. ಗಾಜಿನ ಸೀಸೆಯನ್ನು ನೀರಿನಲ್ಲಿ ಹದಿನೈದು ನಿಮಿಷ ಕುದಿಸಿ, ಪೂರ್ಣ ಒಣಗಿಸಿ ತುಂಬಿರಿ. ಒದ್ದೆ ಚಮಚವನ್ನು ಅದ್ದಬೇಡಿರಿ. ನೊರೆಯೆದ್ದರೆ, ಹೆಂಡದ ವಾಸನೆ ಬಂದರೆ, ಮೋಹಪಡದೆ ಚೆಲ್ಲಿರಿ.

ಕೆಡದಿರಲೆಂದು ರಾಸಾಯನಿಕ ಸೇರಿಸುವವರು ಒಂದು ವಿಷಯ ತಿಳಿದಿರಬೇಕು. ನಿಂಬೆಯ ಪಾಕಕ್ಕೆ ಹಾಕುವ ಪೊಟಾಸಿಯಂ ಮೆಟಾಬೈಸಲ್ಫೈಟನ್ನು ಪುನರ್ಪುಳಿಗೆ ಹಾಕಿದರೆ ಅದರ ಕೆಂಪು ಬಣ್ಣ ಅಳಿಸಿಹೋಗುತ್ತದೆ. ಬಣ್ಣದ ಹಣ್ಣುಗಳಿಗೆ ಸೋಡಿಯಂ ಬೆಂಜೊಯೇಟನ್ನು ಬಳಸುವುದು ಕಸುಬಿನ ನಿಯಮ. ಮನೆಯ ಬಳಕೆಗೆ ಎರಡೂ ಬೇಡ. ಕಡಿಮೆ ಮಾಡಿ, ಬೇಗ ಮುಗಿಸಿರಿ.

ವಿನೆಗರನ್ನು ನೀರು ಬೆರೆಸದೆ ಕುಡಿದರೆ ಗಂಟಲು ಸುಡುತ್ತದೆ, ಹಲ್ಲು ಸವೆಯುತ್ತದೆ. ಸಕ್ಕರೆ ಕಾಯಿಲೆಯುಳ್ಳವರಿಗೆ ಯಾವ ಪಾಕವೂ ಹಿತವಲ್ಲ. ಅವರಿಗೆ ಉಪ್ಪು ಹಾಕಿದ ನೀರುಮಜ್ಜಿಗೆಯೇ ಲೇಸು. ವಾಂತಿಭೇದಿಯಿಂದ ಬಳಲುವವನಿಗೂ ಷರಬತ್ತು ಮದ್ದಲ್ಲ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸಿ, ವೈದ್ಯರನ್ನು ಕಾಣಿಸತಕ್ಕದ್ದು. ಬಿಸಿಲಿನಲ್ಲಿ ಬವಳಿ ಬಂದು ಮಾತು ತೊದಲುವವನನ್ನು ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹೊಯ್ಯಬಾರದು.

ಮಾರುವವರಿಗೂ ಮಾಲೀಕರಿಗೂ

ಪಾಕವನ್ನು ಮಾರಿ ನಾಲ್ಕು ಕಾಸು ಗಳಿಸಬಯಸುವವರು ಮೊದಲು ಆಹಾರ ಸುರಕ್ಷಾ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಹಣ್ಣಿನ ಸಿರಪ್ ಎನಿಸಿಕೊಳ್ಳಲು ಹಣ್ಣಿನ ರಸ ನೂರಕ್ಕೆ ೨೫ ಪಾಲು, ಕರಗಿದ ಘನಾಂಶ ೬೫ ಪಾಲು ಇರಲೇಬೇಕೆಂದು ೧೯೫೫ರ ಹಣ್ಣಿನ ಉತ್ಪನ್ನಗಳ ಆಜ್ಞೆಯು ವಿಧಿಸಿತ್ತು. ೨೦೦೬ರ ಆಹಾರ ಸುರಕ್ಷಾ ಕಾಯಿದೆಯಡಿಯ ನಿಯಮಗಳಲ್ಲೂ ಆ ಅಳತೆಗಳು ಮುಂದುವರಿದಿವೆ. ಈ ಕಸುಬನ್ನು ಶಾಸ್ತ್ರೀಯವಾಗಿ ಅರಿಯಲೆಳಸುವವರಿಗೆ, ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ನಮ್ಮ ಮೈಸೂರಿನಲ್ಲೇ ಇದೆ.

ಮಾಲೀಕರಿಗೆ, ಒಂದು ಕಾಲಕ್ಕೆ ಅದೇ ಗಲ್ಲೆಯ ಮುಂದೆ ಕುಳಿತಿದ್ದವರ ಸಲುಗೆಯಿಂದ ಒಂದು ಮಾತು. ಗಿರಾಕಿಗೆ ಕೊಡುವ ತಂಪು ಗಿರಾಕಿಯ ದುಡ್ಡಿನದು. ಕೆಲಸಗಾರನಿಗೆ ಕೊಡುವ ತಂಪು ನಮ್ಮ ಧರ್ಮದ್ದು. ಅಡುಗೆಮನೆಯ ಮೂಲೆಯಲ್ಲಿ ಒಂದು ಮಣ್ಣಿನ ಹೂಜಿ ತಣ್ಣೀರು, ಪಕ್ಕದಲ್ಲಿ ಒಂದು ಸೀಸೆ ಪುನರ್ಪುಳಿಯ ಪಾಕ, ಒಂದು ಡಬ್ಬಿ ಉಪ್ಪು ಇಟ್ಟರೆ ಆಗುವ ಖರ್ಚು ಲೆಕ್ಕಪುಸ್ತಕದಲ್ಲಿ ಕಾಣಿಸದಷ್ಟು ಸಣ್ಣದು. ಆದರೆ ಒಲೆಯ ಮುಂದಿನ ಹುಡುಗ ಕೇಳದೆಯೇ ಕುಡಿಯಬಹುದೆಂಬ ಅಪ್ಪಣೆಯೂ ಅದರ ಜೊತೆಗಿರಬೇಕು. ಬಾಯಾರಿದವನು ಅನುಮತಿ ಬೇಡುವ ಮನೆಯಲ್ಲಿ ಭರಣಿ ತುಂಬಿದ್ದರೂ ಅದು ಖಾಲಿಯೇ.